ಎರಿ ನೆಲ

ನಾವು ಮನಿ ನೋಡಿದ್ದು ಏಪ್ರಿಲ್ ಬಿಸಲಾಗ.
ನವನಗರ. ಚಿಗರಿ ಬಸ್ಸಿನ ದಾರಿ ಬಿಟ್ಟು ಎರಡು ಓಣಿ ಒಳಗ
ಬೋರ್ಡಿನವರು ಕಟ್ಟಿದ ಹಳೀ ಮನಿ:
ಎರಡು ಖೋಲಿ, ಒಂದು ಪಡಸಾಲಿ, ಹಿತ್ತಲಕ್ಕೊಂದು ಕರಿಬೇವು,
ಮತ್ತ ಕಿಡಕಿ ಮೂಲಿಯಿಂದ ನೆಲದ ತನಕ ಇಳದ ಬಿರುಕು.
ನನ್ನ ಕಿರಿಬೆರಳು ಸಲೀಸ ಹೋತು.

"ಎರಿ ನೆಲಾರಿ ಇದು," ಅಂದ ದಲಾಲಿ,
"ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲಕ್ಕ ತಾನ ಮುಚಗೋತೈತಿ."
ಥೇಟ್ ನಿನ್ನಂಗ, ಅಂತ ಇವರು ನನ್ನ ನೋಡಿ ನಕ್ಕರು.
ಮುಂಗಡ ಕೊಡುವಾಗ ಯಾರೂ ನಗಲಿಲ್ಲ.

ಬ್ಯಾಂಕಿನ ಹುಡುಗಿ ಬಿಡಿಸಿ ಹೇಳಿದ್ಲು:
ಬಡ್ಡಿ ಫಿಕ್ಸ್ ಅಲ್ರಿ, ಫ್ಲೋಟಿಂಗ್. ಏರಿದ್ರ ಏರತೈತಿ, ಇಳದ್ರ ಇಳೀತೈತಿ.
ಇವರು ಬಸ್ ಡಿಪೋದಾಗ ಡೀಸಲ್ ಲೆಕ್ಕ ಬರಿಯೋರು,
ಏರಿದ್ದು ಎಷ್ಟು ಇಳೀತೈತಿ ಅನ್ನೂದು ಹೊಸದಲ್ಲ.
ಆದರೂ ನಲವತ್ತೊಂದು ಕಡೆ ಸಹಿ ಮಾಡಿದ್ವಿ, ಇಬ್ಬರೂ.

ವರ್ಷ ತುಂಬೂದ್ರಾಗ ಐದು ಸಲ ಏರಿತು.
"ಕಂತು ಹೆಚ್ಚಿಗಿ ಮಾಡ್ಲೇನ್ರಿ, ಇಲ್ಲಾ ಅವಧಿ ಉದ್ದ ಮಾಡ್ಲೇನ್ರಿ?"
ಸಾಲಿ ಲಂಗದ ಅಂಚು ಬಿಚ್ಚೂ ಸಿಂಪಿಗ್ಯಾ ಕೇಳಿದಂಗ ಕೇಳಿದ್ಲು.
ಉದ್ದ ಮಾಡ್ರಿ, ಅಂದ್ವಿ.
ಇನ್ನೂರಾ ನಲವತ್ತು ತಿಂಗಳು ಇನ್ನೂರಾ ತೊಂಬತ್ತೇಳಾತು.
ನೌಕರಿ ಮುಗದ ಮ್ಯಾಲೂ ಏಳು ವರ್ಷ
ಇವರು ಈ ನೆಲಕ್ಕ ದುಡೀಬೇಕು.
ಎಲ್ಲಿ ದುಡೀತಾರೋ, ಅದನ್ನ ಆಕಿ ಕೇಳಲಿಲ್ಲ.

ಗೌಂಡಿ ಮಕ್ತುಮಸಾಬ ಬೆರಳ ಗೆಣ್ಣಿಲೆ ಗ್ವಾಡಿ ಬಡದು ನೋಡಿದ.
ಕರೆಂಟ್ ಬಿಲ್ಲಿನ ಹಿಂದ ಲೆಕ್ಕ ಬರದ:
ಗಿಲಾವು ಕೆತ್ತಿ ಮತ್ತ ಹಚ್ಚೂದು,
ಫರಸಿ ಎಬ್ಬಿಸಿ, ಎರಿ ತಗದು, ಗರಸು ತುಂಬೂದು,
ವೈರಿಂಗ್,
ಎಂಟು ದಿನಕ್ಕೊಮ್ಮೆ ಬರೂ ನೀರಿಗೆ ಒಂದು ದೊಡ್ಡ ಟಾಕಿ.
ಉಸುಕಿನ ದರ ಹೇಳುವಾಗ ದನಿ ಸಣ್ಣ ಮಾಡಿದ,
ಯಾರೋ ತೀರಿಕೊಂಡ ಸುದ್ದಿ ಇದ್ದಂಗ.
ನಾಕು ಲಕ್ಷದ ಎಂಬತ್ತು ಸಾವಿರ.
ನಮ್ಮ ಕಡೆ ಇದ್ದದ್ದು ಅರವತ್ತು, ನನ್ನ ಪಾಟಲಿ ಅಡ ಇಟ್ಟದ್ದೂ ಹಿಡದು.

"ಹಂಗಾರ ಒಂದ ಗ್ವಾಡಿ ಮಾಡೂಣು," ಅಂದ.

ಕೆತ್ತಿದ. ಮೊದಲ ಕೆನಿ ಬಣ್ಣ, ಕೆಳಗ ಪಿಸ್ತಾ,
ಅದರ ಕೆಳಗ ನೀಲಿ ಸುಣ್ಣ.
ನೀಲ್ಯಾಗ, ಬಿರುಕಿನ ಬಾಜೂಕ, ಪೆನ್ಸಿಲ್ ಅಕ್ಷರ:

೯-೫-೯೧. ಅರ್ಧ ಬೆರಳು. ಕಂತು ೬೪೦.
೨-೬-೯೨. ಒಂದು ಬೆರಳು. ಬಡ್ಡಿ ಹದಿನಾಲ್ಕು.
ಶ್ರಾವಣ. ಕೂಡಿದೆ.
೯೬. ಒಂದೂವರೆ. ಕಂತು ಎರಡು ತಿಂಗಳದ್ದು ಬಾಕಿ. ಸುಮಾಳ ಬಾಣಂತನ.

ಅಣ್ಣಿಗೇರಿ ಮಾಸ್ತರ ಕೈಬರಹ. ದುಂಡಗ, ಕರಿಹಲಗಿ ಮ್ಯಾಲ ಬರದಂಗ.
ಅವರ ಮಗಳು ಸುಮಾನ ನಮಗ ಮನಿ ಮಾರಿದಾಕಿ.
ಬಿರುಕಿನ ಸುದ್ದಿ ನೋಂದಣಿ ದಿನ ಆಕಿನೂ ತಗೀಲಿಲ್ಲ,
ನಾವೂ ತಗೀಲಿಲ್ಲ.

ಎಲ್ಲಾಕಿಂತ ಕೆಳಗ, ಕುಂತು ಬರದಿರಬೇಕು:

೧೧-೩-೨೦೦೬. ಕಂತು ತೀರಿತು.
ಬಿರುಕು ಇದ್ದಂತೆ ಇದೆ.

ಮಕ್ತುಮಸಾಬ ಕರಣಿ ಹಿಡಕೊಂಡು ನಿಂತ. "ಹೊಡೀಲೇನ್ರಿ?"
ಹೊಡಿ, ಅಂದರು ಇವರು.
ಒಂದು ಗೇಣು ಬಿಡು, ಅಂದೆ ನಾನು.
ರೊಕ್ಕ ಕೊಟ್ಟು ಅರ್ಧಾ ಗ್ವಾಡಿ ಮಾಡಸ್ತಾರೇನು ಯಾರರೆ,
ಅಂತ ಜಗಳಾತು. ಚಾ ಆರಿತು. ಅರ್ಧ ದಿನದ ಪಗಾರ ಹೋತು.
ಗೇಣು ಉಳೀತು. ಅದರ ಮ್ಯಾಲ ಕ್ಯಾಲೆಂಡರ್ ಹಾಕೀನಿ.

ಈ ಸಲ ಮಳಿ ಹಿಡದು ಹೊಡೀತು.
ಒಂಬತ್ತು ದಿನದ ಮ್ಯಾಲ ನಳ ಬಂದ ರಾತ್ರಿ, ಕೊಡ ತುಂಬೂ ಮಟಾ,
ಕ್ಯಾಲೆಂಡರ್ ಎತ್ತಿ ನೋಡಿದೆ:
ಒಂದು ಕೂದಲೆಳಿ, ಅಷ್ಟ. ಉಗುರೂ ಹೋಗವಲ್ಲದು.
ಬಡ್ಡಿ ಮಾತ್ರ ಇಳದಿಲ್ಲ.

ಎರಡೂ ಬರದಿಡಬೇಕು ಅಂತ ಮಗಳ ಕಂಪಾಸ ತಗದೆ.
ಪೆನ್ಸಿಲ್ ಇತ್ತು. ಮೊನಿ ಮುರದಿತ್ತು.
ಹಿಂದ ಕೊಡ ತುಂಬಿ ಹರಿಯಾಕ ಹತ್ತಿತು.