ಆರನೇ ಹಾಡಿನ ನಡುವ

ರಾತ್ರಿ ಒಂದೂವರಿ. ಹುಮನಾಬಾದ ದಾಟೀವಿ.
ಹಿಂದ ಡ್ರಮ್ಮಿಗೆ ತಲಿ ಕೊಟ್ಟು ಲಾಲಪ್ಪ ಮಲಗ್ಯಾನ,
ಕ್ಲಾರಿನೆಟ್ಟು ಮಶಾಕನ ತೊಡಿಮ್ಯಾಲ, ಕೂಸಿನಂಗ.
ಸಂಜಿಯಿಂದ ಬೀದರಿನ ಮದುವಿಯೊಳಗ
ಮಂದೀನ ಕುಣಿಸಿ ಕುಣಿಸಿ ತುಟಿ ಬಾತಾವ.
ಈಗ ಟೇಪಿನ್ಯಾಗ ಒಂದ ಏಕತಾರಿ, ಒಂದ ದನಿ.
ಯಾವ ಅವಸರಾನೂ ಇಲ್ಲ ಅದಕ್ಕ.

ಕ್ಯಾಸೆಟ್ಟಿನ ಮ್ಯಾಲಿನ ಹೆಸರು ಅಳಿಸಿ ಹೋಗ್ಯದ.
ಎಂಟು ತತ್ವಪದ. ಹಾಡಿದಾಕಿ ಯಾರೋ,
ಖಟಕ ರೊಟ್ಟಿ ಮುರದಂಗ ಗಂಟಲು.

ಆರನೇ ಹಾಡು ಬರೂದು ಕಮಲಾಪುರದ ಹತ್ರ,
ಕೆಂಪು ಬಾಳಿಹಣ್ಣಿನ ಬಂಡಿ
ತಾಡಪತ್ರಿ ಹೊತ್ತು ಮಲಗಿರ್ತಾವ.
ಅಲ್ಲಿ ಹಾಡು ಗಪ್ಪನ ಕಡೀತದ:
“ಮೂರು ಸಾವಿರ... ಅಡ್ವಾನ್ಸ್ ಐನೂರು...
ಏ ಶರಣ್ಯಾ, ಡೀಸಲ್ ಎಷ್ಟಂದು ಹಾಕಿಸಿದಿ?”
ನಮ್ಮ ಮಾಲಕ ಚಂದಾಸಾಬ.
ಯಾವಾಗೋ ತಪ್ಪಿ ಗುಂಡಿ ಒತ್ಯಾನ.
ಆಮ್ಯಾಲ ಕೆಮ್ಮು.
ಆಮ್ಯಾಲ ಮತ್ತ ಏಕತಾರಿ.
ಅಂವ ಹೋಗಿ ಎರಡು ಮೊಹರಂ ಆದವು.

ಮಶಾಕನ ಮಗ ಫೋನಿನ್ಯಾಗ ಹುಡುಕಿ ಕೊಟ್ಟಿದ್ದ,
ಅದೇ ಹಾಡು, ಪೂರಾ, ತೊಳದಿಟ್ಟಂಗ.
ಒಂದ ಸಲ ಕೇಳಿದಿವಿ.
ಚಂದಾಸಾಬನ ಜಾಗಾದಾಗ ಒಂದು ನುಡಿ ಇತ್ತು,
ಭಾಳ ಛಲೋ ಇತ್ತು.
ಯಾರೂ ಏನೂ ಅನ್ನಲಿಲ್ಲ.
ಲಾಲಪ್ಪ ಕಿಟಕಿ ಇಳಿಸಿ ಉಗುಳಿದ.

ಇವತ್ತ ಮತ್ತ ಕ್ಯಾಸೆಟ್ಟು. ಕಮಲಾಪುರ ಬಂತು.
ಹಿಂದ ಗೊರಕಿ ನಿಂತಾವ.
“ಡೀಸಲ್ ಎಷ್ಟಂದು ಹಾಕಿಸಿದಿ?”

“ಸಾವಿರಂದು, ಮಾಲಕ,” ಅಂತೀನಿ,
ಗೇರು ಬದಲಿಸಿಕೋತ.
ಎಂಟನೂರಂದು ಹಾಕಿಸಿದ್ದೆ.
ಆಗೂ ಗೊತ್ತಿತ್ತು ಅವಗ.