ಬಿರಡೆ

ಗ್ಯುಮ್ರಿಯ ಚಳಿಗೆ ಸ್ಪ್ಯಾನರು ಕೂಡ ಬೆರಳು ಕಚ್ಚುತ್ತದೆ.
ಫೆಬ್ರವರಿ. ಕರಿಗಲ್ಲಿನ ನನ್ನ ಶೆಡ್ಡಿಗೆ
ಶೋಘಿಕ್ ಮತ್ತೆ ಬಂದಳು,
ಅರವತ್ತೈದರ ವೋಲ್ಗಾ, ಬೂದು ಬಣ್ಣ,
ಮೂತಿಯ ಮೇಲೆ ನೆಗೆಯುವ ಜಿಂಕೆ, ಒಂದು ಕೊಂಬು ಮುಕ್ಕಾದದ್ದು,
ಹಿಂದೆ ಹಿಮದ ಮೇಲೆ ಬೀದಿಯುದ್ದಕ್ಕೂ
ಯಾರೋ ಕರಿದ್ರಾಕ್ಷಿ ಚೆಲ್ಲುತ್ತ ಬಂದ ಹಾಗೆ ಚುಕ್ಕಿ.

"ಮೇಸ್ತ್ರಿ, ಇನ್ನೂ ಸೋರ್ತಿದೆ."

ಮೂರನೆಯ ಸಲ.
ಮೊದಲ ಸಲ ತಳದ ತೊಟ್ಟಿಯ ಕಾರ್ಕ್ ಗ್ಯಾಸ್ಕೆಟ್ಟು.
ಎರಡನೆಯ ಸಲ ಗೇರ್ ಬಾಕ್ಸನ್ನೇ ಇಳಿಸಿ
ಕ್ರ್ಯಾಂಕಿನ ಹಿಂದಿನ ಸೀಲು.
ಹಗ್ಗದ ಸೀಲು ಅದು, ಗ್ರಾಫೈಟ್ ಮೆತ್ತಿದ ಜಡೆ,
ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿ
ಸುತ್ತಿಗೆಯ ಹಿಡಿಯಿಂದ ಒತ್ತಿ ಒತ್ತಿ ಕೂರಿಸಬೇಕು,
ತುದಿ ಕೂದಲೆಳೆ ಹೆಚ್ಚಾದರೂ ಜಗಳ, ಕಡಿಮೆಯಾದರೂ ಜಗಳ.
ನಾಲ್ಕು ದಿನ. ಸೊಂಟ ಇನ್ನೂ ಮರೆತಿಲ್ಲ.

ಈ ಸಲ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ
ಮಕ್ಕಳ ಪೌಡರು ಉದುರಿಸಿದೆ ಮೈತುಂಬ.
ಹುಡುಗ ರೂಬಿಕ್ ನಕ್ಕ: "ಸ್ನಾನ ಆಯ್ತು, ತೊಟ್ಟಿಲು ತರ್ಲಾ?"
ಸ್ಟಾರ್ಟ್ ಮಾಡಿ ಟಾರ್ಚ್ ಹಿಡಿದು ಕಾದೆವು,
ಕಳ್ಳ ಯಾವ ಬಾಗಿಲಿಂದ ಬರುತ್ತಾನೆಂದು.

ಎಲ್ಲ ಬಾಗಿಲಿಂದಲೂ ಬಂದ.
ಮೇಲಿನ ಮುಚ್ಚಳದಂಚು, ಪಕ್ಕದ ತಗಡು, ಮುಂದಿನ ಸೀಲು,
ಮೊನ್ನೆಯಷ್ಟೇ ನಾನು ಕೂರಿಸಿದ ಹಗ್ಗ;
ಬಿಳಿ ಪೌಡರಿನಲ್ಲಿ ಸಣ್ಣ ಸಣ್ಣ ಕಂದು ನಾಲಗೆ.
ಇಷ್ಟು ಜನ ಒಟ್ಟಿಗೇ ತಪ್ಪು ಮಾಡುವುದಿಲ್ಲ,
ಒಳಗಿಂದ ಯಾರೋ ತಳ್ಳುತ್ತಿದ್ದಾರೆ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ,
ಅದೂ ಗೇರ್ ಬಾಕ್ಸ್ ಇಳಿಸಿ.

ಉಸಿರುಕೊಳವೆ ಹುಡುಕಿದೆ. ಎಂಜಿನ್ನಿಗೂ ಒಂದಿರುತ್ತದೆ,
ಪಕ್ಕದಿಂದ ಕೆಳಕ್ಕೆ ಬಾಗಿದ ಹೆಬ್ಬೆರಳು ದಪ್ಪದ ನಳಿಗೆ,
ಒಳಗಿನ ಹೊಗೆ ಹೊರಗೆ ಹೋಗಲೆಂದು.
ತಂತಿ ತೂರಿಸಿದೆ. ಅರ್ಧ ಗೇಣು ಹೋಗಿ ನಿಂತಿತು.
ತುದಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದೆ.
ಬಂತು ಟಾರಿನಂತೆ ಗಟ್ಟಿಯಾದ ಬಟ್ಟೆಯುಂಡೆ,
ಬಿಡಿಸಿದರೆ ನಡುವೆ ಉಗುರಿನಷ್ಟು
ನೀಲಿ ಚೌಕಳಿ. ಇನ್ನೂ ನೀಲಿ.

ಶೋಘಿಕ್ ಕೈಗವಸು ತೆಗೆದಳು.
"ಅಪ್ಪನ ಕರವಸ್ತ್ರ."
ಸ್ವಲ್ಪ ಹೊತ್ತು ಬಿಟ್ಟು, "ನಾನು ಹೊಟ್ಟೆಯಲ್ಲಿದ್ದಾಗ
ಅಮ್ಮನಿಗೆ ಈ ಹೊಗೆ ಆಗ್ತಿರಲಿಲ್ಲವಂತೆ,
ಪ್ರತಿ ತಿರುವಿಗೂ ಇಳಿದು ವಾಂತಿ.
ಒಂದು ದಿನ ಅಪ್ಪ ಅದೇನೋ ಮಾಡಿದರಂತೆ, ವಾಸನೆ ನಿಂತಿತಂತೆ.
ಏನು ಮಾಡಿದೆ ಅಂದರೆ ಹೇಳಲೇ ಇಲ್ಲವಂತೆ."

ನಲವತ್ತಮೂರು ವರ್ಷ. ಬೆರಳು ಮಡಿಚಿ ಲೆಕ್ಕ ಹಾಕಿದೆ:
ಎಷ್ಟು ಡಬ್ಬ ಎಣ್ಣೆ, ಎಷ್ಟು ಮೆಕ್ಯಾನಿಕ್ಕು, ಎಷ್ಟು ಬೈಗುಳ
ಆ ಕಾರ್ಖಾನೆಗೆ, ಆ ಸರಕಾರಕ್ಕೆ,
ಗ್ಯಾಸ್ಕೆಟ್ಟು ಕತ್ತರಿಸಿದ ಯಾರದೋ ಕೈಗೆ.

ಹಗ್ಗದ ಸೀಲಿನ ದುಡ್ಡು ವಾಪಸು ಕೊಡಹೋದೆ.
ಮುಟ್ಟಲಿಲ್ಲ. ಉಂಡೆಯನ್ನು ಪೇಪರಿನಲ್ಲಿ ಸುತ್ತಿ
ಕೋಟಿನ ಜೇಬಿಗಿಳಿಸಿದಳು. ಆ ಕೋಟಿನ ಕಥೆ ಮುಗಿಯಿತು.

ರಾತ್ರಿ ಕೆಳಗೆ ಹಾಸಿದ ರಟ್ಟು ಬೆಳಿಗ್ಗೆಯೂ ಹಾಗೇ ಇತ್ತು.
ಸುಳ್ಳೇಕೆ, ಒಂದು ಚುಕ್ಕಿ ಇತ್ತು. ವೋಲ್ಗಾ ಅಲ್ಲವೇ,
ಅದೂ ಇಲ್ಲದಿದ್ದರೆ ಎಣ್ಣೆ ಖಾಲಿ ಎಂದರ್ಥ.

ಹೊರಟಳು. ಮೈನಸ್ ಹದಿನೆಂಟು.
ಎಂಜಿನ್ನು ನಿರಾಳವಾಗಿ ಉಸಿರು ಬಿಡುತ್ತಿತ್ತು,
ಬಿಟ್ಟದ್ದೆಲ್ಲ ಕಾರಿನೊಳಕ್ಕೇ.
ತಿರುವಿನ ಹತ್ತಿರ ನಿಧಾನವಾಯಿತು,
ಕಿಟಕಿಯ ಗಾಜು ಪೂರ್ತಿ ಇಳಿಯಿತು,
ಒಂದು ತಲೆ ಹೊರಗೆ ಬಂತು,
ಮೂಗು ಮುಚ್ಚಿಕೊಂಡು.