ಮನೆ ಎಳೆಯುವ ದಿನ

ನಮ್ಮ ಕಾಸ್ತ್ರೋದಲ್ಲಿ ಮನೆಗಳಿಗೆ ಎರಡು ಮುಖ.
ಮುಂದಿನದು ಬೀದಿಗೆ, ಬಣ್ಣ ಬಳಿದದ್ದು;
ಹಿಂದಿನದು ಕಂಬಗಳ ಮೇಲೆ ನಿಂತು
ಕಡಲಿಗೆ ತೆರೆದದ್ದು.
ಭರತದ ಹೊತ್ತು ನೀರು ನೆಲಹಲಗೆಯ ಕೆಳಗೇ ಬಂದು ಪಿಸುಗುಟ್ಟುತ್ತದೆ.
ದೋಣಿ ಇದ್ದವರು ಹಿಂಬಾಗಿಲಿಗೇ ಬರಬಹುದು,
ನಾಯಿಯೂ ಬೊಗಳದಂತೆ.

ಇಷ್ಟು ಗೊತ್ತಿದ್ದೂ ನಾನು, ಎರ್ಸಿರಾ ವೆಂಚೂರ್,
ಉಣ್ಣೆಯ ಕಾಲುಚೀಲ ಹೆಣೆದು ಮಾರುವವಳು,
ಹನ್ನೊಂದು ವರ್ಷ ಒಂದೇ ಬ್ರೌಸರಿನಲ್ಲಿ ಬಾಳಿದೆ,
ಅದಕ್ಕೂ ಹಿಂಬಾಗಿಲೊಂದು ಇದ್ದೀತೆಂದು ಎಣಿಸದೆ.

ಜೂನ್ ತಿಂಗಳ ಚಳಿಯ ಒಂದು ರಾತ್ರಿ
ಒಲೆಯಲ್ಲಿ ಕೊನೆಯ ಕೊರಡು ಕೆಂಪಾಗಿದ್ದಾಗ
ಬೆರಳಿಗೆ ಸಿಕ್ಕ ಸಂಗತಿಯೊಂದನ್ನು ಕೀಲಿಮಣೆಗೆ ಹೇಳಿದೆ:
ಎಡಗಂಕುಳಲ್ಲಿ ಗಂಟು, ನೋವಿಲ್ಲ, ಏನಿದ್ದೀತು?
ನೂಲಿನ ಗಂಟಾದರೆ ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಿದ್ದೆ.
ಓದಿದೆ. ಮುಚ್ಚಿದೆ. ದೀಪ ಆರಿಸಿದೆ.
ತಂಗಿಗೂ ಹೇಳಲಿಲ್ಲ, ಪಾದ್ರಿಗೂ ಹೇಳಲಿಲ್ಲ.

ಬೆಳಿಗ್ಗೆ ನೊಲ್ಬೆರ್ತೋ ಎಂದಿನಂತೆ
ಭರತ ಇಳಿತದ ಪಟ್ಟಿ ನೋಡಲು ಕೂತ.
ಏಳೂ ಹನ್ನೆರಡಕ್ಕೆ ನೀರೇರುತ್ತದೆ;
ಪಕ್ಕದಲ್ಲೇ ನಗುವ ಹೆಂಗಸು, ತಲೆಗೆ ರೇಷ್ಮೆಯ ವಸ್ತ್ರ.
ಒಂದೂ ಇಪ್ಪತ್ತಕ್ಕೆ ಇಳಿಯುತ್ತದೆ;
ಪಕ್ಕದಲ್ಲೇ ಕೂದಲ ಟೋಪನ್ನು ಕಂತಿನಲ್ಲಿ ಕೊಡುವ ಅಂಗಡಿ,
ಪ್ವೆರ್ತೋ ಮೋಂತ್‌ನ ಆಸ್ಪತ್ರೆ,
ಉಳಿದವರಿಗೆ ಭಾರವಾಗದ ವಿಮೆ.
ಅವನು ತಿರುಗಿ ನೋಡಿದ. ಒಂದು ಬೂಟಿನ ಲಾಡಿ ಬಿಚ್ಚಿಯೇ ಇತ್ತು.
"ಯಾರಿಗೆ?" ಎಂದ, ಅಷ್ಟೇ.

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು,
ಮೇದದ್ದನ್ನು ನಮ್ಮದೇ ಅಂಗಳದಲ್ಲಿ ನಿಂತು ತೇಗುವುದು.

ಶಾಲೆಯ ಅಬೆಲಿನೋ ಶನಿವಾರ ಬಂದ.
ಯಂತ್ರದ ಮುಂದೆ ಕೂತು ಲೊಚಗುಟ್ಟಿದ,
ತೊಲೆಗೆ ಚಾಕು ಚುಚ್ಚಿ ನೋಡುವ ಬಡಗಿಯ ಹಾಗೆ.
ಮೂಲೆಯಲ್ಲಿ ಕೆಂಪು ಚುಕ್ಕೆ, ಒಂದೂವರೆ ವರ್ಷ
ನಾನು "ನಾಳೆ" ಎಂದು ಒತ್ತುತ್ತ ಬಂದದ್ದು.
ಮೇಲೆ, ರಿಯಾಯಿತಿ ಹುಡುಕಿಕೊಡುವ ಪುಟ್ಟ ಹಂದಿಯ ಚಿತ್ರ:
ನೀವು ನೋಡುವ ಪುಟಗಳನ್ನೆಲ್ಲ ಓದಲೇ ಎಂದು ಅದು ಕೇಳಿತ್ತಂತೆ,
ನಾನು ಹೂಂ ಎಂದಿದ್ದೆನಂತೆ.
ಒಟ್ಟಿನಲ್ಲಿ ಎರಡು ಜೊತೆ ಕಾಲುಚೀಲದ ಬೆಲೆ ಉಳಿದಿತ್ತು ಅದರಿಂದ.
"ಆದರೆ ಬೀಗದ ಗುರುತಿತ್ತಲ್ಲ!" ಎಂದೆ.
"ಬೀಗ ದಾರಿಗೆ, ಎರ್ಸಿರಾ. ನಡುವೆ ಯಾರೂ ಕಾಗದ ಒಡೆಯುವುದಿಲ್ಲ, ಅಷ್ಟೇ.
ತಲುಪಿದ ಮನೆಯವರು ಎಂಥವರೆಂದು ಬೀಗಕ್ಕೇನು ಗೊತ್ತು?"

ನಮ್ಮ ದ್ವೀಪದಲ್ಲಿ ಮನೆ ಇದ್ದ ಜಾಗ ಕೆಟ್ಟರೆ
ಮನೆ ಕೆಡವುವುದಿಲ್ಲ. ಎಳೆಯುತ್ತೇವೆ.
ನನಗಾಗ ಆರು ವರ್ಷ; ಅಜ್ಜನ ಮನೆಗೆ ಹಗ್ಗ ಬಿಗಿದು
ಎಂಟು ಜೋಡಿ ಎತ್ತು, ನಲವತ್ತು ಜನ,
ದಿಮ್ಮಿಗಳ ಮೇಲೆ ಉರುಳಿಸಿ ನೀರಿಗಿಳಿಸಿದರು.
ಖಾಲಿ ಡ್ರಮ್ಮು ಕಟ್ಟಿದ ಮನೆ, ಪರದೆ ಸಮೇತ,
ದೋಣಿಯ ಹಿಂದೆ ಹಸುವಿನ ಹಾಗೆ ಕೊಲ್ಲಿ ದಾಟಿತು.
ಹೊರಡುವ ಮುನ್ನ ಅಜ್ಜಿ ಕೋಲು ಹಿಡಿದು
ಒಳಗೋಡೆಗಳನ್ನೆಲ್ಲ ಬಡಿದಿದ್ದಳು:
"ಬಾಡಿಗೆ ಕೊಡದೆ ಇದ್ದವರೆಲ್ಲ ಇಲ್ಲೇ ಇಳಿಯಿರಿ!"

ಹಾಗೇ ಬಡಿದೆವು ನಾವೂ.
ಹಂದಿ ಇಳಿಯಿತು. ಕುಕೀಗಳು ಇಳಿದವು, ಸಾವಿರದ ಚಿಲ್ಲರೆ.
ಎಲ್ಲ ಕದಗಳಿಗೂ ಒಂದೇ ಆಗಿದ್ದ ಪಾಸ್‌ವರ್ಡ್, ಸತ್ತ ನಾಯಿಯ ಹೆಸರು,
ಅದನ್ನು ಇಳಿಸುವಾಗ ಮಾತ್ರ ಕೈ ತಡೆಯಿತು.
ಹೊಸದಕ್ಕೆ ಸಾಗಿಸಿದ್ದು ಉಣ್ಣೆ ವ್ಯಾಪಾರಿಯ ಪುಟ, ಬ್ಯಾಂಕು,
ಭರತದ ಪಟ್ಟಿ.
ಹೊಸ ಬ್ರೌಸರಿನಲ್ಲಿ ಗುಂಡಿಗಳೆಲ್ಲ ಬೇರೆ ಕಡೆ; ಎರಡು ದಿನ
ಕತ್ತಲಲ್ಲಿ ಚಮಚ ಹುಡುಕುವಂತೆ ತಡಕಿದೆ, ಬೈದೆ.
ಬ್ಯಾಂಕಂತೂ ಅಪರಿಚಿತಳಂತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತು.

"ಇದು ಪೂರಾ ಭದ್ರವೇ?"
"ಇದೂ ಯಾರೋ ಬಡಗಿ ಮಾಡಿದ್ದೇ," ಎಂದ ಅಬೆಲಿನೋ.
"ಹಲಗೆ ಕೊಳೆತರೆ ಹೇಳುತ್ತದೆ. ಹೇಳಿದಾಗ ಕೇಳು."
ಅವನಿಗೆ ಒಂದು ಚೀಲ ಆಲೂಗಡ್ಡೆ, ಹೊಗೆ ಹಿಡಿಸಿದ ಚಿಪ್ಪುಮಾಂಸ;
ಮನೆ ಎಳೆದವರನ್ನು ಉಣಿಸದೆ ಕಳಿಸುವುದುಂಟೇ.

ಮಂಗಳವಾರದ ಬಸ್ಸಿಗೆ ಎರಡು ಟಿಕೆಟ್ ಕೊಂಡೆ, ಹೊಸ ಕಿಟಕಿಯಿಂದಲೇ.
ನೊಲ್ಬೆರ್ತೋ ಪಕ್ಕದಲ್ಲಿ ಕೂತಿದ್ದ, ಎರಡೂ ಬೂಟು ಕಟ್ಟಿ.
ಭರತದ ಪಟ್ಟಿಯ ಪಕ್ಕದ ಜಾಗ ಬರಿದಾಗಿತ್ತು.
ಅಲ್ಲಿ ಬೆರಳಿಟ್ಟು, ಏನೋ ಹೇಳಲು ಹೊರಟು,
ನೀರು ಎಷ್ಟು ಹೊತ್ತಿಗೆ ಏರುತ್ತದೆಂದು
ನನ್ನನ್ನೇ ಕೇಳಿದ.